ಊರು, ಹೆಸರು, ಸಂಖ್ಯೆ: ಅಂತರಜಾಲ ವಿಳಾಸದ ಮೂಲತತ್ತ್ವಗಳು

ಅರಸೀಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡಾಗ ಕಲಾವಿದರೊಬ್ಬರ ಮನೆಯನ್ನು ವಿಚಾರಿಸಿದರೆ ದೊರೆಯುವ ಉತ್ತರ ಒಂದು ಬಗೆಯ ಮೌಖಿಕ ವಿಳಾಸವೇ ಆಗಿರುತ್ತದೆ. ‘ಅರಳಿಕಟ್ಟೆ ದಾಟಿ, ಮಾರಿಗುಡಿ ಎಡಕ್ಕೆ, ಸೋಬಾನೆ ಹೇಳೋ ಅಜ್ಜಿ ಮನೆ’ ಎಂದರೆ ಊರಿನವರಿಗೆ ಸಾಕು. ಆ ಊರನ್ನೇ ಕಾಣದವರಿಗೆ ಇದರಿಂದ ದಾರಿ ತಿಳಿಯದು. ಪರಸ್ಪರ ಪರಿಚಯವಿಲ್ಲದ ಕೋಟ್ಯಂತರ ಯಂತ್ರಗಳ ನಡುವೆ ಸಂದೇಶವೊಂದು ತಪ್ಪದೆ ತಲುಪುವುದು ಹೇಗೆ ಎಂಬುದೇ ಅಂತರಜಾಲದ ವಿಳಾಸ ವ್ಯವಸ್ಥೆಯ ಮೂಲಪ್ರಶ್ನೆ. ಜಾನಪದ ಸಾಮಗ್ರಿಯ ಸಂರಕ್ಷಣೆಯೂ ಇಂದು ಈ ವ್ಯವಸ್ಥೆಯನ್ನೇ ಅವಲಂಬಿಸಿರುವುದರಿಂದ ಅದರ ಸ್ಥೂಲ ಪರಿಚಯವನ್ನು ಪ್ರಸ್ತುತ ಲೇಖನದಲ್ಲಿ ಮಾಡಿಕೊಡಲಾಗಿದೆ.

ಸಂಖ್ಯೆಯ ವಿಳಾಸ

ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಗಳಿಂದ ಗುರುತಿಸಿತು. ‘ಬೇಲೂರು 58’ ಎಂದೊಡನೆ ಯಾವ ಶಾಸನವೆಂಬುದರಲ್ಲಿ ಸಂದೇಹ ಉಳಿಯದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಸಹ ಇದೇ ಜಾಡಿನದು. ಅರಸೀಕೆರೆಗೆ 573103, ಬೇಲೂರಿಗೆ 573115, ಹಳೇಬೀಡಿಗೆ 573121. ದೂರದ ಅಂಚೆ ಕೇಂದ್ರದವರು ಮೊದಲ ಮೂರು ಅಂಕಿಗಳನ್ನು ನೋಡಿ ಚೀಲವನ್ನು ಹಾಸನದ ಕಡೆಗೆ ಕಳುಹಿಸಿದರೆ ಸಾಕು. ಉಳಿದ ಮೂರನ್ನು ಇಲ್ಲಿಯವರು ನೋಡಿಕೊಳ್ಳುತ್ತಾರೆ.

ಅಂತರಜಾಲದ ಐಪಿ ವಿಳಾಸವೂ ಹೀಗೆಯೇ ಎರಡು ಭಾಗವಾಗಿ ಕೆಲಸ ಮಾಡುತ್ತದೆ. 1981ರಲ್ಲಿ ನಿರೂಪಿತವಾದ ನಾಲ್ಕನೆಯ ಆವೃತ್ತಿಯಲ್ಲಿ ಇದು 32 ಬಿಟ್‌ಗಳ ಸಂಖ್ಯೆ. ಓದುವ ಅನುಕೂಲಕ್ಕಾಗಿ ಅದನ್ನು 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಒಡೆದು ಬರೆಯುತ್ತಾರೆ. ಉದಾಹರಣೆಗಳಿಗೆಂದೇ ಮೀಸಲಿರಿಸಿದ 192.0.2.25 ಎಂಬ ವಿಳಾಸದಲ್ಲಿ ಮೊದಲ ಮೂರು ಸಂಖ್ಯೆಗಳು ಜಾಲವನ್ನೂ ಕೊನೆಯದು ಆ ಜಾಲದೊಳಗಿನ ಯಂತ್ರವನ್ನೂ ಸೂಚಿಸುತ್ತವೆ. ಈ ಗಡಿ ಎಲ್ಲ ಜಾಲಗಳಲ್ಲಿಯೂ ಒಂದೇ ಕಡೆ ಬೀಳಬೇಕೆಂದಿಲ್ಲ. ಕಳುಹಿಸುವ ಮಾಹಿತಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿ ಪೊಟ್ಟಣದ ಮೇಲೆಯೂ ಕಳುಹಿಸಿದವರ ಮತ್ತು ಪಡೆಯುವವರ ವಿಳಾಸಗಳಿರುತ್ತವೆ. ದಾರಿಯಲ್ಲಿನ ರೌಟರ್‌ಗಳು ಜಾಲದ ಭಾಗವನ್ನಷ್ಟೇ ಓದಿ ಪೊಟ್ಟಣವನ್ನು ಮುಂದಿನ ರೌಟರಿಗೆ ದಾಟಿಸುತ್ತವೆ.

ಒಂದೇ ಸಂಖ್ಯೆ ಇಬ್ಬರಿಗೆ ಸಲ್ಲದಂತೆ ಹಂಚಿಕೆ ಮೇಲಿನಿಂದ ಕೆಳಗೆ ನಡೆಯುತ್ತದೆ. ಜಾಗತಿಕ ಸಂಸ್ಥೆಯಾದ ‘ಐಆನಾ’ದಿಂದ ಏಷ್ಯಾ-ಪೆಸಿಫಿಕ್ ವಲಯದ ‘ಏಪ್ನಿಕ್’ಗೆ, ಅಲ್ಲಿಂದ 2012ರಲ್ಲಿ ಆರಂಭವಾದ ಭಾರತದ ‘ಐರಿನ್’ಗೆ, ಬಳಿಕ ಸೇವಾದಾರರಿಗೆ ವಿಳಾಸಗಳು ಸಲ್ಲುತ್ತವೆ. 32 ಬಿಟ್‌ಗಳಿಂದ ದೊರೆಯುವ ವಿಳಾಸಗಳು ಸುಮಾರು 429 ಕೋಟಿ ಮಾತ್ರ. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಕಂತುಗಳೂ ಹಂಚಿಹೋದವು. ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ನಮ್ಮ ತೊಟ್ಟಿಮನೆಯಂಥದು: ಒಳಗೆ ಎಷ್ಟು ಕೋಣೆಗಳಿದ್ದರೂ ಬೀದಿಗೆ ಒಂದೇ ಬಾಗಿಲು. ಮನೆಯೊಳಗಿನ ಯಂತ್ರಗಳಿಗೆ 192.168ರಿಂದ ಆರಂಭವಾಗುವಂಥ ಖಾಸಗಿ ವಿಳಾಸಗಳಿದ್ದು, ಹೊರಗೆ ಅವೆಲ್ಲಕ್ಕೂ ಒಂದೇ ವಿಳಾಸ ಸಲ್ಲುತ್ತದೆ. ಬಂದ ಉತ್ತರವನ್ನು ಯಾರಿಗೆ ಕೊಡಬೇಕೆಂದು ಬಾಗಿಲಲ್ಲಿರುವ ರೌಟರ್ ನೆನಪಿಟ್ಟಿರುತ್ತದೆ. ಎರಡನೆಯದು 128 ಬಿಟ್‌ಗಳ ಆರನೆಯ ಆವೃತ್ತಿ. ಅದರ ವಿಳಾಸಗಳ ಒಟ್ಟು ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು.

ಹೆಸರಿನ ವಿಳಾಸ

ಜನರ ನೆನಪಿನಲ್ಲಿ ನಿಲ್ಲುವುದು ಸಂಖ್ಯೆಗಿಂತ ಹೆಸರು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೇನ್ ನಾಮ ವ್ಯವಸ್ಥೆಯು ಹೆಸರನ್ನು ಸಂಖ್ಯೆಗೆ ಜೋಡಿಸುತ್ತದೆ. ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬುದನ್ನು ಯಂತ್ರ ಬಲದಿಂದ ಎಡಕ್ಕೆ ಬಿಡಿಸಿಕೊಳ್ಳುತ್ತದೆ: ಮೊದಲು ದೇಶ, ಬಳಿಕ ಸರ್ಕಾರ, ಕೊನೆಗೆ ರಾಜ್ಯ. ಕಾಗದದ ಮೇಲೆ ಹೆಸರು, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಬರೆದುದನ್ನು ಅಂಚೆಯವರು ಕೆಳಗಿನಿಂದ ಮೇಲಕ್ಕೆ ಓದುವಂತೆ ಇದು.

ಹೆಸರನ್ನೂ ಸಂಖ್ಯೆಯನ್ನೂ ಬೇರ್ಪಡಿಸಿದ್ದರ ಪ್ರಯೋಜನವನ್ನು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಿಂದ ಅರಿಯಬಹುದು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಈ ಕಲ್ಲನ್ನು ಮುಂದೆ ಮೈಸೂರಿಗೆ ಒಯ್ಯಲಾಯಿತು. ಇರುವ ಸ್ಥಳ ಬದಲಾದರೂ ಹಲ್ಮಿಡಿ ಶಾಸನವೆಂಬ ಹೆಸರು ಬದಲಾಗಲಿಲ್ಲ. ಜಾಲತಾಣವೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರಗೊಂಡಾಗ ಸಂಖ್ಯೆ ಬದಲಾಗುತ್ತದೆ, ಹೆಸರು ಉಳಿಯುತ್ತದೆ.

ಆದರೆ ಜನಬಳಕೆಯ ಹೆಸರಿನ ಉದಾರತೆ ಯಂತ್ರಕ್ಕಿಲ್ಲ. ಶಾಸನದ ‘ಪಲ್ಮಿಡಿ’ ಇಂದು ಹಲ್ಮಿಡಿ. ದೋರಸಮುದ್ರ ಇಂದು ಹಳೇಬೀಡು. ‘ಹಳೇಬೀಡು’, ‘ಹಳೆಬೀಡು’ ಎಂಬ ಎರಡೂ ರೂಪಗಳು ನಮಗೆ ಒಂದೇ ಊರು. ಡೊಮೇನ್ ವ್ಯವಸ್ಥೆಗೆ ಎರಡು ಬೇರೆ ಬೇರೆ ಹೆಸರುಗಳು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ವಿಳಾಸಗಳು ಈಗ ಸಾಧ್ಯವಾಗಿರುವುದರಿಂದ ಈ ಪ್ರಶ್ನೆಗೆ ಮಹತ್ವವಿದೆ. ಅಂಥ ಹೆಸರನ್ನು ವ್ಯವಸ್ಥೆಯು ಒಳಗೊಳಗೆ ರೋಮನ್ ಅಕ್ಷರ ಮತ್ತು ಅಂಕಿಗಳಿಗೆ ಪರಿವರ್ತಿಸಿಕೊಳ್ಳುತ್ತದೆ. ಕನ್ನಡ ಮತ್ತು ತೆಲುಗು ಲಿಪಿಗಳ ಹಲವು ಅಕ್ಷರಗಳು ನೋಟಕ್ಕೆ ಒಂದೇ ಆಗಿರುವುದರಿಂದ ಮೋಸಕ್ಕೆ ಎಡೆಯಾಗದಂತೆ ನಿಯಮಗಳನ್ನು ರೂಪಿಸಬೇಕಾಯಿತು.

ವಿಳಾಸದ ಪಾಲನೆ

ಇಲ್ಲಿ ಸ್ವಾನುಭವವೊಂದನ್ನು ಹೇಳುವುದು ಅಪ್ರಸ್ತುತವಾಗದು. ಕೆಲವು ವರ್ಷಗಳ ಹಿಂದೆ ನಾನು ಧ್ವನಿಮುದ್ರಿಸಿದ ಸೋಬಾನೆ ಹಾಡುಗಳನ್ನು ಸಂಸ್ಥೆಯೊಂದು ತನ್ನ ಜಾಲತಾಣದಲ್ಲಿ ಇರಿಸಿತ್ತು. ಯೋಜನೆ ಮುಗಿಯಿತು, ಡೊಮೇನ್ ಹೆಸರಿನ ನವೀಕರಣ ಶುಲ್ಕವನ್ನು ಯಾರೂ ಕಟ್ಟಲಿಲ್ಲ. ಹಾಡಿದ ಅಜ್ಜಿ ತೀರಿಕೊಂಡ ಬಳಿಕ ಅವರ ಮೊಮ್ಮಗಳು, ‘ಮೇಡಂ, ಅಜ್ಜಿ ದನಿ ಎಲ್ಲಿ ಸಿಗುತ್ತೆ?’ ಎಂದು ಕೇಳಿದಾಗ ನಾನು ಕೊಟ್ಟ ವಿಳಾಸ ತೆರೆದುಕೊಳ್ಳಲಿಲ್ಲ. ಹಾಡುಗಳು ಅಳಿದಿರಲಿಲ್ಲ, ಆ ಯಂತ್ರದಲ್ಲಿಯೇ ಇದ್ದವು. ಅಲ್ಲಿಗೆ ಒಯ್ಯುವ ಹೆಸರು ಮಾತ್ರ ಇಲ್ಲವಾಗಿತ್ತು. ನನ್ನ ಬಳಿ ಉಳಿದಿದ್ದ ಪ್ರತಿಯಿಂದ ಆಕೆಗೆ ನಾಲ್ಕು ಹಾಡುಗಳನ್ನಷ್ಟೇ ಕೊಡಲು ಸಾಧ್ಯವಾಯಿತು.

ಡೊಮೇನ್ ಹೆಸರು ಸ್ವಂತದ ಆಸ್ತಿಯಲ್ಲ, ಅವಧಿಗೆ ಪಡೆದ ಹಕ್ಕು ಎಂಬ ತಿಳಿವಳಿಕೆ ಸಂಗ್ರಾಹಕರಾದ ನಮಗೆ ಇನ್ನೂ ಬರಬೇಕಾಗಿದೆ. ದತ್ತಿಯನ್ನು ಮುಂದಿನವರೂ ಪಾಲಿಸಲೆಂದು ಶಾಸನಗಳ ಕೊನೆಯಲ್ಲಿ ಶಾಪಾಶಯವನ್ನು ಕೆತ್ತಿಸುತ್ತಿದ್ದರು. ಜನಪದರ ದನಿಯನ್ನು ಅಂತರಜಾಲಕ್ಕೆ ಏರಿಸುವ ಸಂಸ್ಥೆಗಳು ಹೆಸರಿನ ನವೀಕರಣವನ್ನು ಯೋಜನೆಯ ಅವಧಿಗೆ ಕಟ್ಟಿಹಾಕದೆ ಕಾಯಂ ವೆಚ್ಚವಾಗಿ ಪರಿಗಣಿಸಬೇಕು; ಹಾಡಿದವರ ಮನೆಗೆ ಒಂದು ಪ್ರತಿಯನ್ನು ತಲುಪಿಸಬೇಕು. ಆ ಮನೆಯ ವಿಳಾಸವನ್ನು ಅರಳಿಕಟ್ಟೆಯ ಬಳಿ ಯಾರನ್ನು ಕೇಳಿದರೂ ಹೇಳುತ್ತಾರೆ.