ಎದುರು ಬಂದ ಜೀಪಿಗೆ ಕೈ ಎತ್ತಿರಿ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಕೃಷಿಕರಿಗೆ ಜೀಪು ಶೋಕಿಯ ವಾಹನವಲ್ಲ. ಗುಡ್ಡದ ಮಣ್ಣುದಾರಿಯಲ್ಲಿ ಗೊಬ್ಬರ, ಅಡಿಕೆ ಮೂಟೆಗಳನ್ನೂ, ಅವಸರಕ್ಕೆ ರೋಗಿಯನ್ನೂ ಹೊರುವುದು ಅದೇ. ಆದ್ದರಿಂದ ಜೀಪಿನವರು ಒಬ್ಬರಿಗೊಬ್ಬರು ಕೈ ಎತ್ತುವುದು ಬರೀ ಮರ್ಯಾದೆಗಲ್ಲ.

2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ಅಂಥ ದಿನಗಳಲ್ಲಿ ಎದುರು ಬಂದವರ ಒಂದು ಮಾತಿನಿಂದಲೇ ಮುಂದಿನ ದಾರಿಯ ಸ್ಥಿತಿ ತಿಳಿಯುತ್ತದೆ.

ಇಕ್ಕಟ್ಟಾದ ಏರಿನಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಇದು ಕಾನೂನೂ ಹೌದು. ಹೊರೆ ತುಂಬಿದ ಜೀಪು ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ರಾತ್ರಿ ಲೈಟು ಮಿನುಗಿಸಿ ನಮಸ್ಕಾರ ಹೇಳಬೇಡಿರಿ. ‘ನೀವು ನಿಲ್ಲಿ, ನಾನು ಬರುತ್ತೇನೆ’ ಎಂದು ಎದುರಿನವರು ತಿಳಿದಾರು. ಡಿಮ್ ಮಾಡಿದರೆ ಸಾಕು.

ಕೆಸರಿನಲ್ಲಿ ಹೂತ ಜೀಪು ಕಂಡರೆ, ಪರಿಚಯವಿಲ್ಲದಿದ್ದರೂ ನಿಲ್ಲಿಸಿ, ‘ದಾದ ಆಂಡ್?’ ಎಂದು ಕೇಳಿರಿ. ಚಕ್ರದ ಮುಂದಿನ ಕೆಸರು ತೆಗೆದು ಕಲ್ಲು ಅಥವಾ ಅಡಿಕೆ ಸೋಗೆ ಹಾಸಿರಿ. ಎಳೆಯುವುದಾದರೆ ಹಗ್ಗವನ್ನು ಬಂಪರಿಗೆ ಕಟ್ಟದೆ ಚಾಸಿಸ್‌ನ ಕೊಕ್ಕೆಗೆ ಕಟ್ಟಿ, ಮೆಲ್ಲಗೆ ಎಳೆಯಿರಿ. ತುಂಡಾದ ಹಗ್ಗ ಬಡಿದರೆ ಜೀವಕ್ಕೇ ಅಪಾಯ. ಜನರನ್ನು ದೂರ ನಿಲ್ಲಿಸಿರಿ.

ಮಳೆಗಾಲದಲ್ಲಿ ಸೀಟಿನಡಿ ಗಟ್ಟಿ ಹಗ್ಗವೊಂದು, ಹಾರೆಯೊಂದು ಇರಲಿ. ಇಂದು ಅವರ ಜೀಪು ಹೂತರೆ ನಾಳೆ ನಿಮ್ಮದು.