ಒಂದು ಪೌಂಡಿನ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಹಾಗಿರುವಲ್ಲಿ, ಒಂದೇ ಒಂದು ಪೌಂಡಿಗೆ ಇಡಿಯ ಮನೆಯೊಂದು ದೊರೆಯಿತೆಂದರೆ ವಾಚಕರು ನಂಬುವರೇ? ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇದು ನಡೆದ ಸಂಗತಿ. 2013ರಲ್ಲಿ ಅಲ್ಲಿಯ ನಗರಸಭೆಯೇ ಇಂಥ ಮಾರಾಟಕ್ಕೆ ತೊಡಗಿತು.

ಲಿವರ್‌ಪೂಲ್ ಹಡಗುಗಳಿಂದ ಬೆಳೆದ ಪಟ್ಟಣ. 1931ರಲ್ಲಿ ಸುಮಾರು ಎಂಟೂವರೆ ಲಕ್ಷವಿದ್ದ ಅದರ ಜನಸಂಖ್ಯೆ, ಬಂದರಿನ ಕೆಲಸ ಕ್ಷೀಣಿಸಿದಂತೆ ಇಳಿಯುತ್ತ ಹೋಗಿ, 2001ರ ವೇಳೆಗೆ ನಾಲ್ಕು ಲಕ್ಷ ನಲವತ್ತು ಸಾವಿರದಷ್ಟಾಯಿತು. ಜನ ಹೋದರು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಇಟ್ಟಿಗೆಯ ಮನೆಗಳು ಉಳಿದವು. 2002ರಲ್ಲಿ ಸರ್ಕಾರವು ಇಂಥ ಹಲವು ಬೀದಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯನ್ನು ಹೂಡಿತು. 2011ರಲ್ಲಿ ಅದು ನಿಂತುಹೋದಾಗ, ಎಷ್ಟೋ ಮನೆಗಳು ಬಾಗಿಲು ಮುಚ್ಚಿಕೊಂಡು ಪಾಳುಬಿದ್ದಿದ್ದವು. ಪೌಂಡಿಗೆ ಮಾರಿದ್ದು ಇಂಥವನ್ನೇ.

ಆದರೆ ಷರತ್ತುಗಳಿದ್ದವು. ಕೊಂಡವರು ಸ್ವಂತ ಖರ್ಚಿನಿಂದ ಮನೆಯನ್ನು ದುರಸ್ತಿಮಾಡಿಸಬೇಕು, ಐದು ವರ್ಷ ತಾವೇ ಅಲ್ಲಿ ವಾಸಿಸಬೇಕು, ಬಾಡಿಗೆಗೆ ಕೊಡಕೂಡದು. ದುರಸ್ತಿಗೆ ಹತ್ತಾರು ಸಾವಿರ ಪೌಂಡುಗಳು ಬೇಕಾಗುತ್ತಿದ್ದವು. ಅದಿರಲಿ, ಕೊನೆಯ ಷರತ್ತೇಕೆ?

ಉತ್ತರವು ಸಾಮಾನ್ಯ ಗಣಿತದಲ್ಲಿದೆ. ಇಂಗ್ಲೆಂಡಿನ ಉತ್ತರದ ಪಟ್ಟಣಗಳಲ್ಲಿ ಮನೆಯ ಬೆಲೆ ಕಡಿಮೆ. ಬಾಡಿಗೆ ಮಾತ್ರ ಅಷ್ಟು ಕಡಿಮೆಯಲ್ಲ. ಒಂದು ಲಕ್ಷ ಪೌಂಡಿನ ಮನೆಗೆ ತಿಂಗಳಿಗೆ 650 ಪೌಂಡು ಬಾಡಿಗೆ ಬರುವುದೆಂದು ಊಹಿಸೋಣ. ವರ್ಷಕ್ಕೆ 7,800, ಎಂದರೆ ಶೇಕಡಾ 7.8ರ ಆದಾಯ. ಲಂಡನ್ನಿನಲ್ಲಿ ಐದು ಲಕ್ಷದ ಮನೆಗೆ ತಿಂಗಳಿಗೆ 2,000 ಬಂದರೂ ಆದಾಯ ಶೇಕಡಾ 4.8 ಮಾತ್ರ. ಆದ್ದರಿಂದಲೇ ದೂರದ ಊರುಗಳ ಹಣವಂತರ ಕಣ್ಣು ಇಂಥ ಬೀದಿಗಳ ಮೇಲೆ ಬೀಳುತ್ತದೆ. 1988ರ ವಸತಿ ಕಾನೂನು ಹೊಸ ಬಾಡಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. 1996ರಿಂದ ಬಾಡಿಗೆಗೆ ಕೊಡಲೆಂದೇ ಮನೆ ಕೊಳ್ಳುವವರಿಗೆ ವಿಶೇಷ ಸಾಲವೂ ದೊರೆಯತೊಡಗಿತು.

ಈಗ ಬಾಡಿಗೆದಾರನ ಲೆಕ್ಕವನ್ನು ನೋಡೋಣ. ಅದೇ ಲಕ್ಷದ ಮನೆಗೆ ಆತನು ಹತ್ತು ಸಾವಿರ ಮುಂಗಡ ಕೊಟ್ಟು, ಉಳಿದುದನ್ನು ಶೇಕಡಾ 5ರ ಬಡ್ಡಿಗೆ 25 ವರ್ಷದ ಸಾಲವಾಗಿ ಪಡೆದರೆ, ತಿಂಗಳ ಕಂತು ಸುಮಾರು 526 ಪೌಂಡು. ಬಾಡಿಗೆಗಿಂತ ಇದೇ ಅಗ್ಗ! ಆದರೆ ತಿಂಗಳು ತಿಂಗಳೂ 650 ತೆತ್ತವನಿಗೆ ಆ ಹತ್ತು ಸಾವಿರವನ್ನು ಕೂಡಿಡುವ ಬಗೆ ಯಾವುದು? ಮನೆ ಅಗ್ಗವಾದ ಮಾತ್ರಕ್ಕೆ ಅದು ಬಡವನ ಕೈಗೆ ಎಟುಕುವುದಿಲ್ಲ. ದೇಶದ ಒಟ್ಟು ಸ್ಥಿತಿಯೂ ಆಶಾದಾಯಕವಲ್ಲ: 1997ರಲ್ಲಿ ಇಂಗ್ಲೆಂಡಿನ ಸಾಧಾರಣ ಮನೆಯ ಬೆಲೆ ವಾರ್ಷಿಕ ಸಂಪಾದನೆಯ ಸುಮಾರು ಮೂರೂವರೆ ಪಟ್ಟಿದ್ದುದು, 2024ರಲ್ಲಿ ಏಳೂವರೆ ಪಟ್ಟನ್ನು ಮೀರಿತ್ತು.

ಇದಕ್ಕೊಂದು ಪರಿಹಾರವನ್ನು ಅದೇ ನಗರದ ಟಾಕ್ಸ್‌ಟೆತ್ ಭಾಗದ ಗ್ರ್ಯಾನ್‌ಬಿ ಬೀದಿಗಳ ನಿವಾಸಿಗಳು ಕಂಡುಕೊಂಡರು. ಪಾಳುಮನೆಗಳ ಮುಂದೆ ಗಿಡ ನೆಟ್ಟು, ಗೋಡೆಗಳಿಗೆ ಬಣ್ಣ ಬಳಿದು ಬೀದಿಯನ್ನು ಕಾದುಕೊಂಡವರು, 2011ರಲ್ಲಿ ತಮ್ಮದೇ ಭೂದತ್ತಿಯನ್ನು ಸ್ಥಾಪಿಸಿದರು. ಕೇರ್ನ್ಸ್ ಬೀದಿಯ ಹತ್ತು ಮನೆಗಳು ಪುನಃ ಎದ್ದವು. ಅಲ್ಲಿ ಮಾರಾಟದ ಬೆಲೆಯನ್ನು ಪೇಟೆಯ ಧಾರಣೆಗಲ್ಲ, ಆ ನೆರೆಹೊರೆಯವರ ಸಂಪಾದನೆಗೆ ಹೊಂದಿಸಿದರು. ಅವರೊಡನೆ ದುಡಿದ ‘ಅಸೆಂಬಲ್’ ತಂಡಕ್ಕೆ 2015ರಲ್ಲಿ ಕಲಾಕ್ಷೇತ್ರದ ಟರ್ನರ್ ಪ್ರಶಸ್ತಿ ಸಂದಿತು.

ಹತ್ತು ಮನೆಗಳಿಂದ ಒಂದು ದೇಶದ ವಸತಿಯ ಕೊರತೆ ನೀಗದು, ನಿಜ. ಆದರೂ ದುಡಿಯುವವನ ಸಂಬಳವನ್ನು ಮೊದಲು ಕೇಳಿ, ಮನೆಯ ಬೆಲೆಯನ್ನು ಅನಂತರ ಕಟ್ಟುವ ಈ ಕ್ರಮವು, ನಗರಗಳಲ್ಲಿ ಸೂರಿಗಾಗಿ ಅಲೆಯುತ್ತಿರುವ ನಮಗೂ ಚಿಂತನಾರ್ಹವಲ್ಲವೇ?