ಒಂದು ಕೆ.ಜಿ. ಮೈಲುತುತ್ತಕ್ಕೆ ಸುಣ್ಣ ಎಷ್ಟು?

ಮಳೆ ಹಿಡಿಯೋಕೆ ಮುಂಚೆ ನಮ್ಮ ಹಾಸ್ಟೆಲ್ ರೂಮಿಗೆ ಒಂದು ಫೋನ್ ಬಂತು. ಮಾತಾಡಿದ್ದು ಅರಕಲಗೂಡು ಕಡೆಯ ಗೆಳೆಯನ ಅಪ್ಪ. "ಅಡಿಕೆಗೆ ಬೋರ್ಡೋ ಹೊಡೀಬೇಕು ಕಣ್ಲಾ. ಒಂದು ಕೆ.ಜಿ. ಮೈಲುತುತ್ತ ತಂದಿದೀನಿ. ಸುಣ್ಣ ಎಷ್ಟು ಹಾಕ್ಲಿ? ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಲೆಕ್ಕ ಹಾಕಿ ಹೇಳು."

ನಾವು ಪೆನ್ನು ಹಿಡಿದು ಕೂತೆವು. ಉತ್ತರ ಬಂತು: 222 ಗ್ರಾಂ. ಅದನ್ನೇ ಫೋನಲ್ಲಿ ಹೇಳಿಬಿಟ್ಟಿದ್ದರೆ ತೋಟಕ್ಕೆ ಪೆಟ್ಟು ಬೀಳುವ ಸಾಧ್ಯತೆ ಇತ್ತು. ತಮಾಷೆ ಅಂದ್ರೆ, ನಮ್ಮ ಲೆಕ್ಕ ತಪ್ಪಾಗಿರಲಿಲ್ಲ!

ಮೊದಲು ಈ ದ್ರಾವಣದ ಕಥೆ ನೋಡೋಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬರದಿದ್ದುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದ. ನಮ್ಮ ಕಡೆ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಇದೇ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ತೋರಿಸಿಕೊಟ್ಟರು. ಕೊಳೆರೋಗ ತರೋದು ಫೈಟಾಫ್ತೊರಾ ಅನ್ನೋ ಜಾತಿಯ ಜೀವಿ. ಹಾಸನದ ಆಲೂಗಡ್ಡೆಗೆ ಅಂಗಮಾರಿ ತರೋದೂ ಅದರ ಅಣ್ಣ-ತಮ್ಮನೇ.

ಈಗ ಸಮೀಕರಣ ಸರಿದೂಗಿಸೋಣ. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಸುಣ್ಣದ ತಿಳಿ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್. ಎರಡೂ ಸೇರಿದಾಗ ಮುಖ್ಯವಾಗಿ ಹುಟ್ಟೋದು ಕ್ಷಾರೀಯ ತಾಮ್ರದ ಸಲ್ಫೇಟ್ ಅನ್ನೋ ನೀಲಿ ಗಸಿ. ಅದರಲ್ಲಿ 4 ತಾಮ್ರ, 1 ಸಲ್ಫೇಟ್, 6 ಹೈಡ್ರಾಕ್ಸೈಡ್ ಇರುತ್ತೆ. ಬಲಗಡೆ 4 ತಾಮ್ರ ಬೇಕು, ಹಾಗಾಗಿ ಎಡಗಡೆ 4 ತಾಮ್ರದ ಸಲ್ಫೇಟ್. 6 ಹೈಡ್ರಾಕ್ಸೈಡ್ ಬೇಕು, ಹಾಗಾಗಿ 3 ಸುಣ್ಣ. ಉಳಿದ 3 ಸಲ್ಫೇಟ್, 3 ಕ್ಯಾಲ್ಸಿಯಂ ಜೊತೆ ಸೇರಿತು. ಅಲ್ಲಿಗೆ:

4 ತಾಮ್ರದ ಸಲ್ಫೇಟ್ + 3 ಸುಣ್ಣ → 1 ಕ್ಷಾರೀಯ ತಾಮ್ರದ ಸಲ್ಫೇಟ್ + 3 ಕ್ಯಾಲ್ಸಿಯಂ ಸಲ್ಫೇಟ್

ಇಲ್ಲೇ ಎಷ್ಟೋ ಜನ ಎಡವೋದು. ಈ 4 ಮತ್ತು 3 ಕೆ.ಜಿ. ಅಲ್ಲ, ಮೋಲ್. ಸಮೀಕರಣ ಎಣಿಸುತ್ತೆ, ತಕ್ಕಡಿ ತೂಗುತ್ತೆ. ಎರಡರ ನಡುವಿನ ಸೇತುವೆ ಅಂದ್ರೆ ಮೋಲಾರ್ ತೂಕ. ನೀಲಿ ಹರಳಿನಲ್ಲಿ 5 ನೀರಿನ ಅಣುಗಳೂ ಇರೋದರಿಂದ ಅದರ ಒಂದು ಮೋಲ್ 249.5 ಗ್ರಾಂ. ಅಂದ್ರೆ 1 ಕೆ.ಜಿ. ಮೈಲುತುತ್ತ ಹೆಚ್ಚುಕಡಿಮೆ 4 ಮೋಲ್. ಅದಕ್ಕೆ 3 ಮೋಲ್ ಸುಣ್ಣ, ಒಂದು ಮೋಲ್‌ಗೆ 74 ಗ್ರಾಂನಂತೆ 222 ಗ್ರಾಂ. ತಾಮ್ರವೆಲ್ಲ ಹೈಡ್ರಾಕ್ಸೈಡ್ ಆಗುತ್ತೆ ಅಂತ 1:1 ಸಮೀಕರಣ ಬರೆದರೂ ಸುಮಾರು 296 ಗ್ರಾಂ. ಯಾವ ದಾರಿಯಲ್ಲಿ ಹೋದರೂ 300 ದಾಟಲ್ಲ.

ಆದರೆ ರೈತರು ಬಳಸೋ ಒಂದು ಪರ್ಸೆಂಟ್ ಬೋರ್ಡೋದ ಸೂತ್ರ ಏನು? 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೂರು-ನಾಲ್ಕು ಪಟ್ಟು ಸುಣ್ಣ ದಂಡವೇ?

ಅಲ್ಲ. ನಮ್ಮ 222 ಗ್ರಾಂ ಅಪ್ಪಟ ಸುಣ್ಣದ ಲೆಕ್ಕ. ಅಂಗಡಿ ಸುಣ್ಣದಲ್ಲಿ ಸರಿಯಾಗಿ ಬೇಯದ ಕಲ್ಲಿನ ಪುಡಿ ಇರಬಹುದು. ಚೀಲ ಬಿಚ್ಚಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಮತ್ತೆ ಸುಣ್ಣದಕಲ್ಲೇ ಆಗುತ್ತೆ. ತೂಕ ಕಮ್ಮಿಯಾಗಲ್ಲ, ಕೆಲಸ ಮಾಡೋ ಸುಣ್ಣ ಮಾತ್ರ ಕಮ್ಮಿ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸುಣ್ಣ ಸ್ವಲ್ಪ ಜಾಸ್ತಿಯಾದರೆ ದೊಡ್ಡ ನಷ್ಟವಿಲ್ಲ. ಕಮ್ಮಿಯಾದರೆ ಕ್ರಿಯೆಗೆ ಸಿಗದ ತಾಮ್ರ ನೀರಲ್ಲೇ ಕರಗಿ ಉಳಿದು ಎಲೆ, ಕಾಯಿ ಎಲ್ಲ ಸುಡುತ್ತೆ. ಹಾಗಾಗಿ ಮೊದಲು ಮುಗಿದುಹೋಗಬೇಕಾದದ್ದು ತಾಮ್ರದ ಸಲ್ಫೇಟ್. ಪರೀಕ್ಷೆಯಲ್ಲಿ "ಸೀಮಿತ ಕಾರಕ ಯಾವುದು?" ಅಂತ ಕೇಳ್ತಾರೆ, ತೋಟದಲ್ಲಿ ಅದು ಯಾವುದಾಗಿರಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು ಅನ್ನೋದರ ಹಿಂದೆಯೂ ಇದೇ ತರ್ಕ: ಕಲಸುವ ಉದ್ದಕ್ಕೂ ಸುಣ್ಣದ ಕೈ ಮೇಲಿರಲಿ.

ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಲ್ಯಾಬ್ ಬೇಡ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಕರಗಿದ ತಾಮ್ರ ಇನ್ನೂ ಇದೆ ಅಂತ ಅರ್ಥ: ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ. ಈ ದ್ರಾವಣವನ್ನು ಕಬ್ಬಿಣದ ಡ್ರಮ್ಮಲ್ಲಿ ಕಲಸಬಾರದು ಅನ್ನೋದಕ್ಕೂ ಇದೇ ಕಾರಣ.

ಗೆಳೆಯ ಫೋನ್ ಮಾಡಿ ಹೇಳಿದ: "ಒಂದಕ್ಕೆ ಒಂದು ಹಾಕಪ್ಪ, ಆಮೇಲೆ ಚಾಕು ಅದ್ದಿ ನೋಡು."

"ಅಂಗಡಿಯವ್ನೂ ಒಂದಕ್ಕೊಂದು ಅಂದ ಕಣ್ಲಾ. ಯಾಕೆ ಅಂತ ಹೇಳ್ಲಿಲ್ಲ."

ಆ "ಯಾಕೆ"ಗೆ ನಮ್ಮ ಹತ್ರ ಉತ್ತರ ಇತ್ತು. ಅಪ್ಪ-ಮಗ ಹತ್ತು ನಿಮಿಷ ಕೆಮಿಸ್ಟ್ರಿ ಮಾತಾಡಿದರು. ಸಾಲಗಾಮೆ ರಸ್ತೆಯ ಈ ಕ್ಯಾಂಪಸ್ಸಿಂದ ನೀವು ಮುಂದಿನ ಸಲ ಊರಿಗೆ ಹೋದಾಗ, 200 ಲೀಟರ್ ಡ್ರಮ್ಮಿಗೆ ಏನೇನು ಎಷ್ಟೆಷ್ಟು ಅಂತ ಲೆಕ್ಕ ಹಾಕಿಕೊಂಡು ಹೋಗಿ. ಚಾಕು ಮರೀಬೇಡಿ.